ಕಾಟಾದ ಕಂಪ್ಯೂಟರು

ಕಪನೂರಿನ ದಾಲ್ ಮಿಲ್ಲು. ಗೇಟಿನಾಚೆ ಎಂಟು ಲಾರಿ,
ತೊಗರಿ ಹೇರಿಕೊಂಡು, ಮೂಗು ರಸ್ತೆಗೆ ಚಾಚಿಕೊಂಡು.
ಕಾಟಾದ ಕೋಣೆಯಲ್ಲಿ ಜಗದೇವಿ
ಕಂಪ್ಯೂಟರಿನ ನೆತ್ತಿಗೆ ರಟ್ಟಿನಿಂದ ಗಾಳಿ ಹಾಕುತ್ತಿದ್ದಳು.
"ಇಲ್ಲಿನ ಚೀಟಿ ಆಫೀಸಿನ್ಯಾಗ ಕಾಣವಲ್ದ್ರಿ.
ನಿನ್ನಿ ತನಕ ಛಲೋ ಇತ್ತು."

ನಿನ್ನಿ ತನಕ ಛಲೋ ಇತ್ತು:
ಈ ಮಾತು ಕೇಳದೆ ನಾನು ಯಾವ ಹೊಸ್ತಿಲೂ ದಾಟಿಲ್ಲ.

ಪೆಟ್ಟಿಗೆ ಬಿಚ್ಚಿದೆ.
ಹಿಡಿ ತುಂಬ ತೊಗರಿ ಹೊಟ್ಟು, ಎರಡು ನುಸಿ,
ಫ್ಯಾನಿನ ರೆಕ್ಕೆಗೆ ಹಳದಿ ಮೀಸೆ.
ಊದಿದೆ. ಸೀನಿದೆ. ಜಗದೇವಿಯೂ ಸೀನಿದಳು.
ವೈರು ಗೋಡೆ ಹಿಡಿದು, ಚಹಾದಂಗಡಿಯ ಹಿಂದೆ ಹಾದು,
ಇಲಿಯ ಬಾಯಿ ತಪ್ಪಿಸಿಕೊಂಡು ಆಫೀಸು ಸೇರಿತ್ತು.
ಹಿಂಬದಿಯ ಹಸಿರು ದೀಪ ಮಿಣುಕುತ್ತಲೇ ಇತ್ತು,
ತನ್ನದೇನೂ ತಪ್ಪಿಲ್ಲ ಎಂಬಂತೆ.

ಪಿಂಗ್ ಮಾಡಿದೆ.
ಆಚೆಯಿಂದ ನಾಲ್ಕು ಸಲ ಓ ಎಂದಿತು.
ಕರೆದರೆ ಓಗೊಡುತ್ತದೆ, ಕದ ಮಾತ್ರ ತೆಗೆಯುವುದಿಲ್ಲ.
ಇಂಥ ನೆಂಟರು ನನಗೂ ಇದ್ದಾರೆ ಶಹಾಬಾದಿನಲ್ಲಿ.

ತಾರೀಖು ನೋಡಿದರೆ
ಒಂದು ಜನವರಿ, ಎರಡು ಸಾವಿರದ ಮೂರು.
ಒಳಗಿನ ಸೆಲ್ಲು ಸತ್ತು, ಕರೆಂಟು ಹೋದಾಗಲೆಲ್ಲ
ಈ ಮುದಿಜೀವ ತನ್ನ ಹರೆಯಕ್ಕೆ ಓಡುತ್ತದೆ.
ದಿನಾ ಮುಂಜಾನೆ ಜಗದೇವಿ ಕೈ ಹಿಡಿದು
ಇವತ್ತಿಗೆ ಕರೆತರುತ್ತಾಳೆ. ಇವತ್ತು ಮರೆತಿದ್ದಳು.
ಚೀಟಿ ಓದಿ ಡ್ರೈವರ್ ಮೌಲಾಲಿ ನಕ್ಕ:
"ಅಕ್ಕಾ, ಅವಾಗ ಈ ಗಾಡೀನೇ ಹುಟ್ಟಿದ್ದಿಲ್ಲ.
ಹುಟ್ಟದ ಗಾಡಿಗಿ ಹದಿನಾರು ಟನ್ ಹ್ಯಾಂಗ್ ಹಾಕಿದ್ರಿ?"

ಎಂಟಾಣೆ ಗಾತ್ರದ ಹೊಸ ಸೆಲ್ಲು ಹಾಕಿದೆ.
ಕಾಲ ಸರಿಹೋಯಿತು. ಕದ ತೆರೆಯಲಿಲ್ಲ.

ಆಫೀಸಿಗೆ ಹೋದ ಮೇಲೆ ತಿಳಿಯಿತು:
ಮೇಜಿನ ಮೇಲೆ ಹೊಸ ಯಂತ್ರ, ಪ್ಲಾಸ್ಟಿಕ್ಕು ಇನ್ನೂ ಅರ್ಧ ಮೈಮೇಲೆ.
"ಹೂಂ, ನಿನ್ನಿ ರಾತ್ರಿ ತಂದೀವಿ,"
ಎಂದರು ಸಂಗಶೆಟ್ಟರು, "ಅದಕ್ಕೂ ಇದಕ್ಕೂ ಏನ್ ಸಂಬಂಧ?"

ಹೊಸದು ಹಳೆಯದರ ಮಾತು ಮರೆತೇ ಹುಟ್ಟಿದೆ.
ಸೆಟ್ಟಿಂಗಿನ ಆಳದಲ್ಲಿ ಒಂದು ಚಿಕ್ಕ ಚೌಕ:
ಟಿಕ್ ಮಾಡಿದರೆ ಹಳೆ ಭಾಷೆ ತಿಳಿಯುತ್ತದೆ,
ಅದು ಕಳ್ಳರಿಗೂ ತಿಳಿದ ಭಾಷೆ.
ಬೆರಳು ತುಸು ತಡೆಯಿತು.
ಇಂಟರ್ನೆಟ್ಟಿನ ವೈರು ಕಿತ್ತು ಅವರ ಮುಂದಿಟ್ಟೆ:
"ಇವೆರಡೂ ಮಾತಾಡಬೇಕಂದ್ರ ಊರ ಕಿವಿ ಮುಚ್ಚಬೇಕ್ರಿ ಸಾವ್ಕಾರ್ರ."

ಈಗ ಒಳಗಿನಿಂದ ಕೇಳಿತು: ಹೆಸರೇನು, ಗುಟ್ಟಿನ ಶಬ್ದವೇನು.
ಯಾರಿಗೆ ಗೊತ್ತು.
ಹಳೆ ಆಪರೇಟರ್ ಗುಂಡೇರಾವ್ ಈಗ ಆಳಂದದಲ್ಲಿ ಮಿಕ್ಸರ್ ರಿಪೇರಿ.
ಫೋನಿನ ತುಂಬ ಗುರ್ರನೆ ಸದ್ದು, ನಡುವೆ ಅವನ ದನಿ:
"ಪಾಸ್‌ವರ್ಡಾ? ಎಂದೂ ಇಟ್ಟಿಲ್ಲಪಾ.
ನಂಬಿಕಿ ಮ್ಯಾಲ ನಡೀತಿತ್ತು."

ಇದೇ ಗಂಟು.
ಎದುರು ಕೂತವರಿಗೆ ಕೇಳದೆ ತೆರೆಯುವ ಮುದಿಯಂತ್ರ
ವೈರಿನಲ್ಲಿ ಹೆಸರು ಹೇಳಿಕೊಂಡು ಬಂದವರನ್ನು
ಬರಿಗೈಯೆಂದು ಹೊರಗೇ ನಿಲ್ಲಿಸುತ್ತದೆ.

"ಒಂದು ಶಬ್ದ ಇಡ್ರಿ," ಎಂದೆ ಜಗದೇವಿಗೆ,
"ನೀವು ಮರೀಲಾರದಂಥದ್ದು."
ಅವಳು ಯೋಚಿಸುವಷ್ಟರಲ್ಲಿ ಎರಡು ಲಾರಿ ಹಾರನ್ ಹೊಡೆದವು.
ನಾನು ಮುಖ ಕಿಟಕಿಗೆ ತಿರುಗಿಸಿದೆ.
ಬೆನ್ನ ಹಿಂದೆ ಒಂಬತ್ತು ಸಲ ಟಕ್ ಎಂದಿತು.
ಎಣಿಸಬಾರದಿತ್ತು. ಎಣಿಸಿದೆ.

ಆಮೇಲೆ ಆಫೀಸಿಗೂ ಅವಳೇ ಬಂದಳು,
ಸಾವ್ಕಾರರು ಎದ್ದು ಕುರ್ಚಿ ಬಿಟ್ಟರು.
ಮತ್ತೊಮ್ಮೆ ಒಂಬತ್ತು.

ಹತ್ತೊಂಬತ್ತು ವರ್ಷದ ತೂಕ ಸಾಲುಸಾಲಾಗಿ ಇಳಿಯಿತು:
ತುಂಬಿದ ಗಾಡಿ, ಖಾಲಿ ಗಾಡಿ, ನಡುವಿನ ಕಾಳು.
ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಅವಳ ಬೆರಳು ನಿಂತಿತು.
ಗಾಡಿ ನಂಬರ್ ಇಲ್ಲ. ಮಾಲು: ಮಂದಿ.
ತೂಕ: ಏಳುನೂರ ಎಂಬತ್ತು ಕಿಲೋ.

"ಕಾಟಾ ಹಾಕಿದ ದಿನ ಹಮಾಲರೆಲ್ಲಾ ಹತ್ತಿ ನಿಂತಿದ್ರಂತ್ರಿ,
ಹದಿಮೂರು ಮಂದಿ. ನಮ್ಮಪ್ಪನೂ ಅದಾನ ಅದ್ರಾಗ."
"ಎಷ್ಟು ಕಿಲೋ ಇದ್ದ?" ಎಂದರು ಸಂಗಶೆಟ್ಟರು, ಸುಮ್ಮನೆ.
"ಬಿಡಿ ಬಿಡಿ ಲೆಕ್ಕ ಇಲ್ರಿ."

ಮೌಲಾಲಿಯ ಗಾಡಿ ಆಗಲೇ ಕಾಟಾ ಏರಿತ್ತು, ಅವಳು ಓಡಿದಳು.
ಅಂಕಿ ತೂಗಾಡಿ, ತೂಗಾಡಿ, ನಿಂತಿತು.
ಆಫೀಸಿನಿಂದ ಯಾರೋ ಕೂಗಿದರು: "ಬಂತು!"

ನಾನು ಪೆಟ್ಟಿಗೆ ಮುಚ್ಚತೊಡಗಿದೆ.
ನಾಲ್ಕು ಸ್ಕ್ರೂಗಳಲ್ಲಿ ಒಂದು ಹೊಟ್ಟಿನಲ್ಲಿ ಎಲ್ಲೋ ಉರುಳಿತ್ತು.
ಹುಡುಕಲಿಲ್ಲ.
ಮೂರರಲ್ಲೇ ಬಿಗಿದೆ.