ಏಳುವ ಹೊತ್ತು

ಚಿಕ್ಕಮಗಳೂರು, ಕಡೂರು ರಸ್ತೆ,
ಕಾಫಿ ಕ್ಯೂರಿಂಗಿನ ಮೇಲಂತಸ್ತು.
ನೂರಾ ಮೂವತ್ತೆಂಟು ಹೆಂಗಸರು
ಮೊರ ಮಡಿಲಿಗಿಟ್ಟು ನೆಲದ ಮೇಲೆ ಕೂತಿದ್ದಾರೆ.
ಕಪ್ಪು ಬೀಜ ಎಡಕ್ಕೆ, ಒಡಕು ಬಲಕ್ಕೆ.
ಕೆಳಗೆ ಗೋಣಿಚೀಲ, ಚೀಲದ ಮೇಲೆ ಚೀಲ,
ಸೂರಿಗೆ ಒಂದು ಗೇಣು ಬಾಕಿ.
ಬಾಗಿಲು ಎರಡು.
ಒಂದಕ್ಕೆ ಬೀಗ.

"ಸೆರಗಲ್ಲಿ ಕದೀತಾರೆ ಮೇಡಂ, ತುರುಬಲ್ಲೂ,"
ಅಂದರು ಮ್ಯಾನೇಜರ್ ಧರ್ಮಪಾಲರು.
"ಒಂದೇ ಬಾಗಿಲಾದರೆ ಒಂದು ಕಣ್ಣು ಸಾಕು.
ಲೆಕ್ಕ ಹಾಕಿ. ಆಗುತ್ತೆ ಅಂತ ಬಂದರೆ ಒಂದು ಸಹಿ."

ಬೆಂಕಿಯ ಲೆಕ್ಕಕ್ಕೆ ದುಡ್ಡಿನ ಸಾಫ್ಟ್‌ವೇರೂ ಉಂಟು,
ನಾಲ್ಕು ಲಕ್ಷ. ಬಾಯಿ ಮುಚ್ಚಿಕೊಂಡು ನುಂಗುತ್ತದೆ,
ಉತ್ತರವನ್ನಷ್ಟೇ ಉಗುಳುತ್ತದೆ.
ನನ್ನ ಬಳಿ ಇರುವುದು ಬಿಟ್ಟಿಯದು,
ಯಾರ್ಯಾರೋ ಬರೆದು ತೆರೆದಿಟ್ಟದ್ದು, ಸಾಲು ಸಾಲೂ ಓದಬಹುದು.
ಆಲ್ದೂರಿನ ಶಾಲೆಯಲ್ಲಿ ಫಿಲೋಮಿನಾ ಟೀಚರು
ಉತ್ತರ ಸರಿಯಿದ್ದರೂ ಹಂತ ಬರೆಯದವರಿಗೆ
ಕೆಂಪು ಸೊನ್ನೆ ಸುತ್ತುತ್ತಿದ್ದರು.
ಅವರಿಗೆ ಇದು ಹಿಡಿಸುತ್ತಿತ್ತು.

ಹೊಗೆ ತಲೆಮಟ್ಟಕ್ಕೆ ಇಳಿಯಲು ನೂರಾ ತೊಂಬತ್ತು ಸೆಕೆಂಡು.
ಒಂದೇ ಬಾಗಿಲಲ್ಲಿ ಕೊನೆಯವಳು ದಾಟಲು ನೂರಾ ಎಂಬತ್ತೆರಡು.
ಪಾಸು.
ಎಂಟು ಸೆಕೆಂಡಿನ ಪಾಸು:
ಒಂದು ಸೀನು, ಎರಡು ಅಯ್ಯೋ.

ಪೆನ್ನಿನ ಕ್ಯಾಪು ತೆಗೆದಿದ್ದೆ.
ಅಷ್ಟರಲ್ಲಿ ಚಹಾದ ಗಂಟೆ. ಹೂವಮ್ಮ ಎದ್ದಳು.
ಎದ್ದಳು ಅನ್ನುವುದು ಒಂದು ಮಾತಾಯಿತು.
ಮೊದಲು ಅಂಗೈ ನೆಲಕ್ಕೆ. ಆಮೇಲೆ ಒಂದು ಮಂಡಿ.
ಉಸ್ಸಪ್ಪಾ. ಕಂಬ ಹಿಡಿದು ಇನ್ನೊಂದು ಮಂಡಿ.
ಜೋಮು ಹಿಡಿದ ಕಾಲನ್ನು ಎರಡು ಸಲ ಕುಟ್ಟಿ, ನಂತರ ಹೆಜ್ಜೆ.
ಹನ್ನೊಂದು ಎಣಿಸಿದ್ದೆ.

ರಾತ್ರಿ ಆ ಸಾಲುಗಳನ್ನು ತೆರೆದು ನೋಡಿದೆ.
ಅದರೊಳಗಿನ ಜನ
ಮೊದಲಿಂದಲೂ ನಿಂತೇ ಇದ್ದರು.
ಬರೆದವರ ಊರಲ್ಲಿ ಕುರ್ಚಿಗಳಿರಬೇಕು.

ಮರುದಿನ ಸ್ಟಾಪ್‌ವಾಚು ಹಿಡಿದು ಹೋದೆ, ನಲವತ್ತು ಜನರನ್ನು ಅಳೆದೆ.
"ಏಳೋದಕ್ಕೂ ಕೂಲಿ ಕೊಡ್ತಾರೇನವ್ವಾ?" ನಗೆಯೋ ನಗೆ.
ಸೆಲ್ವರಾಣಿ ನಾಲ್ಕು. ಮೈಮೂನಾ ಒಂಬತ್ತು.
ಪುಟ್ಟನಂಜಿ ಒಬ್ಬಳೇ ಏಳುವುದಿಲ್ಲ,
ಅವಳ ಲೆಕ್ಕಕ್ಕೆ ಮೈಮೂನಾಳ ಕೈಯನ್ನೂ ಹಿಡಿಯಬೇಕು.

ಆರು ಸಾಲು ಸೇರಿಸಿದೆ. ಪಕ್ಕದಲ್ಲಿ ಕಾರಣ ಬರೆದೆ:
ಇಲ್ಲಿ ಜನ ನೆಲದಲ್ಲಿ ಕೂತು ದುಡಿಯುತ್ತಾರೆ.
ನನಗೆ ಉಚ್ಚರಿಸಲು ಬಾರದ ಹೆಸರಿನವರೊಬ್ಬರು ಕೇಳಿದರು,
ಹನ್ನೊಂದು ಹೆಚ್ಚಾಯಿತಲ್ಲವೇ?
ನಲವತ್ತು ಜನರ ಪಟ್ಟಿ ಕಳಿಸಿದೆ.
ಒಂಬತ್ತು ದಿನ ಸುಮ್ಮನಿದ್ದು, ಸೇರಿಸಿಕೊಂಡರು.

ಹೊಸ ಲೆಕ್ಕ: ನೂರಾ ತೊಂಬತ್ತಮೂರು.
"ಮೂರು ಸೆಕೆಂಡಿಗೆ ಬೀಗ ತೆಗೀಬೇಕಾ?"
"ತಪ್ಪಿದ್ದರೆ ತೋರಿಸಿ ಸಾರ್, ಮುಚ್ಚಿಟ್ಟದ್ದು ಏನೂ ಇಲ್ಲ."
ಕನ್ನಡಕ ಏರಿಸಿ, ಸಾಲಿಗೊಂದು ಬೆರಳಿಟ್ಟು
ಅರ್ಧ ಗಂಟೆ ಓದಿದರು ಧರ್ಮಪಾಲರು.
ಫ್ಯಾನು ಸುತ್ತುತ್ತಿತ್ತು.
ಜನಸಂಖ್ಯೆಯ ಸಾಲಿಗೆ ಬಂದಾಗ ಬೆರಳು ನಿಂತಿತು.
"ನೂರಾ ಮೂವತ್ತೆಂಟಲ್ಲ ಇದು," ಅಂದರು, ದನಿ ತಗ್ಗಿಸಿ,
"ನೂರಾ ನಲವತ್ತಾರು.
ಎಂಟು ಜನ ಹಾಜರಿ ಪುಸ್ತಕದಲ್ಲಿಲ್ಲ."

ಬೀಗ ಈಗ ಕಿಟಕಿಕಟ್ಟೆಯ ಮೇಲಿದೆ, ಕೀಲಿ ಸಮೇತ.
ನಾಳೆ ಎಲ್ಲಿರುತ್ತದೋ, ಅದಕ್ಕೆ ಸೂತ್ರವಿಲ್ಲ.

ಲ್ಯಾಪ್‌ಟಾಪಿಗೆ ಮುತ್ತಿಕೊಂಡರು ಎಲ್ಲರೂ.
ಚುಕ್ಕಿಗಳು ಬಾಗಿಲ ಕಡೆ ಹರಿಯುತ್ತಿವೆ,
ಮೇಲಿಂದ ಬೂದು ಬಣ್ಣ ಇಳಿಯುತ್ತಿದೆ.
"ಇದ್ರಾಗೆ ನಾನೆಲ್ಲಿ?" ಹೂವಮ್ಮ ಕೇಳಿದಳು.
ಮೂರನೆಯ ಕಂಬದ ಬುಡದ ಚುಕ್ಕಿ ತೋರಿಸಿದೆ.
"ಎಲ್ಲಾ ಹೊಂಟ್ರು, ನಾನ್ಯಾಕೆ ಅಲ್ಲೇ ಕುಂತಿದ್ದೀನಿ?"
"ಕೂತಿಲ್ಲ ಹೂವಮ್ಮ," ಅಂದೆ,
"ಏಳ್ತಾ ಇದ್ದೀರಿ."