ಕರ್ತೃ: ಕಡ್ಡಾಯ

ಪುಸ್ತಕದ ತಂತ್ರಾಂಶಕ್ಕೇ ಈ ವರ್ಷ
ಸಾಮಾನನ್ನೂ ಸೇರಿಸಿ ಅಂದರು, ಪೊನ್ನಂಪೇಟೆಯಲ್ಲಿ.
ಮಳೆಮಾಪಕ, ಸೂಕ್ಷ್ಮದರ್ಶಕ, ಕ್ಲಚ್ ಸುಟ್ಟ ಜೀಪು,
ಎಲ್ಲಕ್ಕೂ ಬಾರ್‌ಕೋಡ್ ಅಂಟಿಸಿದೆ.

‘ಕರ್ತೃ’ ಖಾಲಿ ಬಿಟ್ಟರೆ ಕೆಂಪಾಗುತ್ತದೆ ಪರದೆ.
ಜೀಪಿಗೆ ಕಂಪನಿ ಹೆಸರು ಕೊಟ್ಟೆ.
ತುಡುವೆ ಪೆಟ್ಟಿಗೆಗೆ? ತುಸು ಯೋಚಿಸಿ
ಬಡಗಿಯನ್ನೇ ಬರೆದೆ, ಜೇನು ಮುನಿಯಲಿ.

ಬೀಜದ ಕುಕ್ಕೆ, ಬಿದಿರೇಣಿ, ನರ್ಸರಿಯ ತಟ್ಟಿ:
ಯಾರದಿದು? ಮಾಲಿ ಅಯ್ಯಣ್ಣ ನಕ್ಕ,
“ಬಾಳೆಲೆಯ ಮೇದರ ಪೊನ್ನು. ಇನ್ಯಾರು?”

ಸಂಜೆ ಹುಡುಕಿ ನೋಡಿದೆ.
ಕುಲಪತಿಗಳದು ಮೂರು ಕೃತಿ.
ಪೊನ್ನುವಿನದು ನಲವತ್ತೊಂದು,
ಒಂಬತ್ತು ಎರವಲು ಹೋಗಿವೆ.

ನಲವತ್ತೆರಡನೆಯದು ನನ್ನ ಕಾಲ ಬಳಿ,
ವಾಪಸಾದ ಪುಸ್ತಕಗಳನ್ನು ತುಂಬಿಕೊಂಡು,
ಇನ್ನೂ ನಮೂದಾಗದೆ.