ಆರು ಬೈ ನಾಲ್ಕು

ದಿಲ್ಲಿ ಸುದ್ದಿ ನಮಗ ಟೀವಿಯೊಳಗ ಬರೂದಿಲ್ಲ,
ಬೆಂಗೇರಿಗೆ ಅದು ಆರ್ಡರ್ ಬುಕ್ಕಿನ್ಯಾಗ ಬರತೈತಿ,
ಅಣ್ವೇಕರ ಸರ್ ಕನ್ನಡಕ ಹಣಿಗೇರಿಸಿ
ಬೆರಳಿಟ್ಟು ಓದೂ ಸಾಲಿನೊಳಗ.

ಅಂಗೈಯಗಲದ್ದು ಐನೂರು ಅಂದ್ರ
ಮಗ್ಗಲ ದೇಶದ ದೊಡ್ಡವರು ಊಟಕ್ಕ ಬರಾಕತ್ತಾರ.
ಒಂಬತ್ತು ಬೈ ಆರು ಅಂದ್ರ ಕಾರು.
ಹದಿನೆಂಟು ಬೈ ಹನ್ನೆರಡು ಅಂದ್ರ ವಿಮಾನ,
ನಮ್ಮವರು ಯಾವುದೋ ನಡುಗಡ್ಡಿಗೆ ಹೊಂಟಾರ,
ಬಂದರ ನಾವು ಕಟ್ಟಿಕೊಡತೇವಿ, ಅವರಿಗೆ ಕೊಡಬ್ಯಾಡ್ರಿ ಅನ್ನಾಕ.
ಬೀಗರನ್ನ ಒಲಿಸೂದು ನಾನೂ ಕಂಡೀನಿ:
ಕುಬಸಕ್ಕ ಸೀರಿ ಒಯ್ದು,
ಹೊಲದ ಬದುವಿನ ಮಾತು
ಎಲಿ ಎತ್ತಿದ ಮ್ಯಾಲ ತಗದ್ಹಂಗ.

ಮೇಜಿನ ಮ್ಯಾಲ ಇಡೂದು ಆರು ಬೈ ನಾಲ್ಕು, ಇಂಚು.
ತೋಪಿನ ಗಾಡಿ ಮ್ಯಾಲ ಮಲಗಿದವನಿಗೆ ಹೊಚ್ಚೂದು
ಅದೂ ಆರು ಬೈ ನಾಲ್ಕು, ಅಡಿ.
ಅಂಕಿ ಒಂದ. ದಾರ ಒಂದ.
ಇಪ್ಪತ್ನಾಲ್ಕು ಕಡ್ಡಿ ಇದಕ್ಕೂ ಅದಕ್ಕೂ.

ಪೇಪರಿನ ಫೋಟೋದಾಗ ನಾ ಮಂತ್ರಿ ಮಾರಿ ನೋಡೂದಿಲ್ಲ,
ನಮ್ಮದರ ಮಗ್ಗಲ ನಿಂತದ್ದು ನೋಡತೀನಿ.
ನೇಪಾಳದ್ದು ಒಂದರ ಮ್ಯಾಲೊಂದು ಮೂರುಮೂಲಿ, ಅಂಚು ಮಡಚೂದು ಹ್ಯಾಂಗ?
ಬಾಂಗ್ಲಾದ ಕೆಂಪು ಗುಂಡು ನಟ್ಟನಡುವ ಇಲ್ಲ,
ಕೋಲಿನ ಕಡೆ ತುಸು ಸರದೈತಿ,
ಗಾಳಿಗೆ ಹಾರಿದಾಗ ನಡುವ ಕಾಣ್ಲೆಂತ.
ಯಾವಾಕಿಯೋ ಅಲ್ಲೆ ಲೆಕ್ಕ ಹಾಕಿ ಹೊಲದಾಳ.
ದಾರದ ತುದಿ ಆಕಿ ಹಲ್ಲಿಲೆ ಕಡೀತಾಳೋ, ಕತ್ತರಿಲೋ?
ಒಪ್ಪಂದ ಆತಂತ ಬರದಿದ್ರು.
ಮರುತಿಂಗಳ ಗಡಿ ಮುಚ್ಚಿತಂತ.
ಏಸಿ ಖೋಲಿಯೊಳಗ ಗಾಳಿ ಎಲ್ಲೀದು?
ಆ ಗುಂಡು ನಡುವಿಗೆ ಬರಲೇ ಇಲ್ಲ.

ಒಂದ್ಸಲ ಊರಾಗ ಕರ್ಫ್ಯೂ.
ಹಳೇ ಹುಬ್ಬಳ್ಳಿಯಿಂದ ಮೆಹಬೂಬಿ ನಡಕೋತ ಬಂದಳು.
ಇಂಡಿಪಂಪಿನ ಹತ್ರ ಪೊಲೀಸಪ್ಪ ಚೀಲ ಬಿಚ್ಚಿಸಿದ:
ಎರಡು ರೊಟ್ಟಿ, ಶೇಂಗಾ ಹಿಂಡಿ, ಬೆರಳಿಗೆ ಹಾಕೂ ತಗಡಿನ ಟೋಪಿಗಿ.
ಏನ್ ಕೆಲಸ ನಿಂದು?
ಚಕ್ರದ ಕಡ್ಡಿ ಎಣಸತೀನ್ರಿ.
ಅಂವ ನಗಲಿಲ್ಲ. ಆಕೀನೂ ನಗಲಿಲ್ಲ.
ಅವತ್ತು ಆಕಿ ಎಣಿಸಿಟ್ಟದ್ದನ್ನ ನಾ ಮತ್ತೊಮ್ಮೆ ಎಣಿಸಿದೆ.
ಇಪ್ಪತ್ನಾಲ್ಕ ಇದ್ದುವು.
ಯಾಕ ಎಣಿಸಿದೆ ಅನ್ನೂದಕ್ಕ ಇವತ್ತಿಗೂ ನಾಚಿಕಿ ಬರತೈತಿ.

ಶ್ರಾವಣದಾಗ ಒಂದು ಮಂಗಳವಾರ ಚೀಟಿ ಬಂತು:
ಆರು ಬೈ ನಾಲ್ಕು, ನಲವತ್ತು, ಅರ್ಜಂಟ್.
ಇಂಚೋ ಅಡಿಯೋ ಬರದಿಲ್ಲ.
ಸರ್ ದಿಲ್ಲಿಗೆ ಫೋನ್ ಹಚ್ಚಿದರು, ಎತ್ತಲಿಲ್ಲ.
ಮತ್ತ ಹಚ್ಚಿದರು.
ಮಿಷನ್ ಒಂದೊಂದ ನಿಂತುವು. ಫ್ಯಾನಿನ ಸಪ್ಪಳ ಅಷ್ಟ.
ಇಂಚಿನವು ನಲವತ್ತು ಅಂದ್ರ
ಉದ್ದನ್ನ ಮೇಜು, ಎಂಟು ದೇಶ, ಬಟ್ಟಲದಾಗ ಗೋಡಂಬಿ.
ಅಡಿಯವು ನಲವತ್ತು ಅಂದ್ರ

ಫಕ್ಕೀರವ್ವನ ತಮ್ಮನ ಮಗ ಬಸ್ತರದ ಕಾಡಿನ್ಯಾಗ ಅದಾನ,
ಕುಂದಗೋಳದ ರಸ್ತೆ ಮ್ಯಾಲ ನಸಿಕಿನ್ಯಾಗ ಓಡಿ ಓಡಿ ಭರ್ತಿ ಆದಾಂವ.
ಅಲ್ಲೆ ಯಾರ ಮ್ಯಾಲ ಬಂದೂಕು ಹಿಡದೀಯಪಾ ಅಂದ್ರ
ನಮ್ಮವರ ಮ್ಯಾಲ ಅತ್ತಿ, ಅಂತಾನ,
ಅಷ್ಟಕ್ಕ ಟವರ್ ಹೋಗತೈತಿ.
ಆಕಿ ಸುಮ್ಮನ ಕೇಸರಿ ಥಾನಿನ ಮ್ಯಾಲ ಟೇಪು ಹಾಸಿದಳು.
ಒಂದು ಮಗ್ಗಲ ಇಂಚು, ಮಗುಚಿದರ ಸೆಂಟಿಮೀಟರ್.
ಅಡಿ ಅಂತ ಅದರಾಗ ಎಲ್ಲೂ ಬರದಿಲ್ಲ.
ಮತ್ತ ಮಗುಚಿ ನೋಡಿದಳು.

ನಾಲ್ಕೂ ಹತ್ತಕ್ಕ ಫೋನ್ ಬಂತು. ಇಂಚು.
ಅಯ್ಯ ನಿನ್ನ, ಅಂತ ಎಲ್ಲಾರೂ ನಕ್ಕಿವಿ,
ಚಾ ತರಿಸಿದಿವಿ, ಫಕ್ಕೀರವ್ವ ಸಕ್ರಿ ಜಾಸ್ತಿ ಹಾಕಿಸಿದಳು,
ಮೇಜಿನ ಬಾವುಟ ಕತ್ತಲಾಗೂದ್ರಾಗ ಅರ್ಧ ಮುಗದುವು.

ಕೀಲಿ ಹಾಕೂ ಮುಂದ ಕಪಾಟು ಎಣಸೂದು ನನ್ನ ಕೆಲಸ.
ಅಡಿಯವು ಯಾವಾಗಲೂ ಹತ್ತು ಇರಬೇಕು,
ಅವಕ್ಕ ಯಾರೂ ಮೊದಲ ಹೇಳಿ ಕಳಸೂದಿಲ್ಲ.
ಒಂಬತ್ತು ಇದ್ದುವು.
ಫೋನಿನ ಗದ್ಲದಾಗ ಯಾರೋ ಜೀಪಿನ್ಯಾಗ ಬಂದು ಒಂದು ಒಯ್ದರಂತ.
ರಶೀದಿ ಐತಿ, ಸಹಿ ಐತಿ, ರೊಕ್ಕ ಬರೋಬ್ಬರಿ ಐತಿ.
ಯಾವ ಊರಿಗೆ ಅನ್ನೂದಕ್ಕ
ನಮ್ಮ ರಶೀದಿಯೊಳಗ ಕಾಲಂ ಇಲ್ಲ.